ಅಮ್ಮನಿಗೆ ನರದ ಕರೆಂಟ್ ಟೆಸ್ಟ್ ಬರೆದಿದ್ದಾರೆ, ಮಾಡಿಸಿಕೊಂಡವರು ಯಾರಾದರೂ ಇದ್ದೀರಾ?

ಮಧುಗಿರಿ ಮಗ
ಎಲ್ಲರಿಗೂ ನಮಸ್ಕಾರ. ನಮ್ಮದು ಮಧುಗಿರಿ ಪಕ್ಕದ ಹಳ್ಳಿ. ಕಡಲೆಕಾಯಿ ಹೊಲದಲ್ಲಿ ಇಡೀ ದಿನ ಕಳೆ ಕಿತ್ತು ಬಂದ ಮೇಲೆ ಅಮ್ಮನಿಗೆ ಬಲಗಾಲು ಜೋಮು ಹಿಡಿಯಿತು. ಮಲಗಿ ಎದ್ದರೆ ಸರಿಹೋಗುತ್ತೆ ಅಂದುಕೊಂಡರು. ಹೋಗಲಿಲ್ಲ. ಈಗ ಪಾದ ಮೇಲಕ್ಕೆ ಎತ್ತೋಕೆ ಆಗುತ್ತಿಲ್ಲ. ನಡೆಯುವಾಗ ಚಪ್ಪಲಿ ಜಾರುತ್ತೆ, ಹೊಸಿಲಿಗೆ ಬೆರಳು ತಾಗುತ್ತೆ. ನೋವು ಅಷ್ಟೇನೂ ಇಲ್ಲ.

ತುಮಕೂರಿನಲ್ಲಿ ನರದ ಡಾಕ್ಟರಿಗೆ ತೋರಿಸಿದೆವು. ಲಕ್ವ ಅಲ್ಲ ಅಂದರು. ಎನ್‌ಸಿಎಸ್ ಮತ್ತು ಇಎಂಜಿ ಅಂತ ನರದ ಎರಡು ಟೆಸ್ಟ್ ಬರೆದುಕೊಟ್ಟು, ತೊಂದರೆ ಶುರುವಾಗಿ ಮೂರು ವಾರ ಆದ ಮೇಲೆ ಮಾಡಿಸಿ ಅಂದರು.

ಮನೆಯಲ್ಲಿ ಈಗ ಇದೇ ಮಾತು. ತಲೆ ಕೆಟ್ಟವರಿಗೆ ಕೊಡುವ ಶಾಕ್ ಇದು ಅಂತ ದೊಡ್ಡಮ್ಮ ಹೇಳಿಬಿಟ್ಟಿದ್ದಾರೆ. ಅಮ್ಮ ಹೆದರಿಕೊಂಡು ಬರೋದೇ ಇಲ್ಲ ಅಂತಿದ್ದಾರೆ. ನಿಜವಾಗಿ ಏನು ಮಾಡುತ್ತಾರೆ? ತುಂಬಾ ನೋವಾಗುತ್ತಾ? ಮತ್ತೆ ಯಾಕೆ ಮೂರು ವಾರ ಕಾಯಬೇಕು? ಅಷ್ಟರಲ್ಲಿ ಜಾಸ್ತಿ ಆಗಿಬಿಟ್ಟರೆ?

ತಿಪಟೂರು ತೆಂಗು
ನಾನು ಮಾಡಿಸಿಕೊಂಡಿದ್ದೇನೆ ತಮ್ಮ, ಅಮ್ಮನಿಗೆ ಧೈರ್ಯ ಹೇಳು. ನನಗೆ ಶುಗರ್ ಇದೆ, ಪಾದ ಮರಗಟ್ಟುತ್ತೆ ಅಂತ ಬರೆದಿದ್ದರು. ಮಂಚದ ಮೇಲೆ ಮಲಗಿಸಿ, ಪಾದಕ್ಕೆ ಚಿಕ್ಕ ಬಿಲ್ಲೆಗಳ ಥರದ್ದನ್ನು ಅಂಟಿಸುತ್ತಾರೆ. ಆಮೇಲೆ ಎರಡು ಮೊನೆ ಇರುವ ಒಂದು ಸಾಧನವನ್ನು ಕಾಲಿನ ಮೇಲೆ ಒತ್ತಿ ಹಿಡಿದು ಕರೆಂಟ್ ಬಿಡುತ್ತಾರೆ. ಟಕ್ ಅಂತ ಪಾದ ತಾನಾಗೇ ಕುಣಿಯುತ್ತೆ. ಮೊದಲನೇ ಸಲ ಬೆಚ್ಚಿಬೀಳುತ್ತೀವಿ ನಿಜ. ಏನು ಅಂತ ಗೊತ್ತಾದ ಮೇಲೆ ತಡೆದುಕೊಳ್ಳಬಹುದು. ಮಂಡಿ ಹಿಂದೆ ಕೊಟ್ಟಾಗ ಸ್ವಲ್ಪ ಜಾಸ್ತಿ ಅನ್ನಿಸಿತು. ಮುಗಿದ ಮೇಲೆ ಎದ್ದು ನಡೆದುಕೊಂಡು ಬಸ್‌ಸ್ಟ್ಯಾಂಡಿಗೆ ಬಂದೆ.

ಸೂಜಿ ಹಾಕಿದ್ದು ಎರಡು ಮೂರು ಕಡೆ. ಚುಚ್ಚಿ, ಈಗ ಪಾದ ಎತ್ತಿ, ಈಗ ಬಿಡಿ ಅಂತ ಹೇಳುತ್ತಿದ್ದರು. ಮಷೀನಿನಿಂದ ಸದ್ದು ಬರುತ್ತಿತ್ತು. ಮಾರನೇ ದಿನ ಮೀನಖಂಡ ಸ್ವಲ್ಪ ಹಿಡಿದುಕೊಂಡಿತ್ತು, ಅಷ್ಟೇ.

ಗುಬ್ಬಿ ಗೆಳೆಯ
ನನ್ನ ಅಭಿಪ್ರಾಯ ಬೇರೆ. ಇದೆಲ್ಲಾ ಯಾಕೆ, ಸೊಂಟದ ಎಂಆರ್‌ಐ ಒಂದು ಮಾಡಿಸಿಬಿಟ್ಟರೆ ಎಲ್ಲಾ ಗೊತ್ತಾಗುತ್ತೆ ಅಲ್ವಾ? ನಮ್ಮ ಮಾವನಿಗೆ ಹಾಗೇ ಮಾಡಿದ್ದು. ಬಡವರಿಗೆ ಒಂದೊಂದು ಟೆಸ್ಟಿನ ದುಡ್ಡೂ ಭಾರವೇ.

ಬಂಗಾರಪೇಟೆ ಟೆಕ್ನಿಷಿಯನ್
ನಾನು ಬೆಂಗಳೂರಿನ ಒಂದು ಆಸ್ಪತ್ರೆಯ ನರದ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ದಿನಾ ಬೆಳಗ್ಗೆ ಬಂಗಾರಪೇಟೆಯಿಂದ ರೈಲಿನಲ್ಲಿ ಹೋಗಿಬರುವವನು. ಈ ಟೆಸ್ಟಿನ ಬಗ್ಗೆ ಇರುವ ಹೆದರಿಕೆಯನ್ನು ರೋಗಿಗಳ ಮುಖದಲ್ಲಿ ದಿನಾ ನೋಡುತ್ತೇನೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಮೊದಲು ದೊಡ್ಡಮ್ಮನ ಮಾತು. ಮನಸ್ಸಿನ ಕಾಯಿಲೆಗೆ ಕೊಡುವುದು ಚಿಕಿತ್ಸೆ, ಅದನ್ನು ತಲೆಗೆ ಕೊಡುತ್ತಾರೆ, ಅರಿವಳಿಕೆ ಕೊಟ್ಟು ಕೊಡುತ್ತಾರೆ. ಅದರಲ್ಲೂ ನಾಚಿಕೆಪಡುವಂಥದ್ದು ಏನೂ ಇಲ್ಲ. ಇದು ಬೇರೆಯೇ. ಇಲ್ಲಿ ಕೈಯಲ್ಲೋ ಕಾಲಲ್ಲೋ ಚರ್ಮದ ಮೇಲೆ ಒಂದು ತಟ್ಟು, ಅದು ಇರುವುದು ಒಂದು ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದೆರಡು ಭಾಗ ಹೊತ್ತು. ನಿಮ್ಹಾನ್ಸ್‌ಗೆ ಬರೆದುಕೊಟ್ಟರೆ ಊರಲ್ಲಿ ಏನಂದುಕೊಳ್ಳುತ್ತಾರೋ ಅಂತ ಎಷ್ಟೋ ಜನ ಹೋಗುವುದೇ ಇಲ್ಲ. ನಿಮ್ಹಾನ್ಸ್ ಹೆಸರಿನಲ್ಲೇ ನರವಿಜ್ಞಾನವೂ ಇದೆ. ಕೈಕಾಲು ಸೋತವರು, ಫಿಟ್ಸ್ ಬರುವವರು, ತಲೆಗೆ ಪೆಟ್ಟು ಬಿದ್ದವರು ಎಲ್ಲರೂ ಅಲ್ಲಿಗೆ ಬರುತ್ತಾರೆ.

ಎರಡನೇ ತಪ್ಪು ಕಲ್ಪನೆ, ಇದನ್ನು ಚಿಕಿತ್ಸೆ ಅಂದುಕೊಳ್ಳುವುದು. ಫಿಸಿಯೋಥೆರಪಿಯಲ್ಲಿ ನೋವಿಗೆ ಕರೆಂಟ್ ಇಡುತ್ತಾರಲ್ಲ, ಅದರ ಜೊತೆ ಇದನ್ನು ಸೇರಿಸಿಕೊಳ್ಳುತ್ತಾರೆ. ಕರೆಂಟ್ ಕೊಟ್ಟರು, ವಾಸಿ ಆಗಲಿಲ್ಲ ಅಂತ ಬೇಜಾರು ಮಾಡಿಕೊಂಡು ಡಾಕ್ಟರ ಹತ್ತಿರ ವಾಪಸ್ ಹೋಗದೇ ಇರುವವರಿದ್ದಾರೆ. ಇದು ಬರೀ ಪರೀಕ್ಷೆ. ಚಿಕಿತ್ಸೆ ಇದಾದ ಮೇಲೆ ಶುರುವಾಗುವುದು.

ಈಗ ಕೆಲಸ ಹೇಗೆ ಅಂತ. ಟೆಸ್ಟು ಎರಡು ಭಾಗ. ಮೊದಲನೆಯದು ಎನ್‌ಸಿಎಸ್, ನರದಲ್ಲಿ ಸಂದೇಶ ಎಷ್ಟು ಬೇಗ ಹೋಗುತ್ತೆ, ಎಷ್ಟು ಬಲವಾಗಿ ತಲುಪುತ್ತೆ ಅಂತ ನೋಡುವುದು. ಉದಾಹರಣೆಗೆ ಮಣಿಕಟ್ಟಿನಲ್ಲಿ ತಟ್ಟಿದರೆ ಹೆಬ್ಬೆರಳಿನ ಸ್ನಾಯು 3.5 ಮಿಲಿಸೆಕೆಂಡಿಗೆ ಅದುರಿತು ಅಂತಿಟ್ಟುಕೊಳ್ಳಿ. ಮೊಣಕೈ ಹತ್ತಿರ ತಟ್ಟಿದರೆ 7.5 ಮಿಲಿಸೆಕೆಂಡು. ನಡುವಿನ ದೂರ ಟೇಪಿನಲ್ಲಿ ಅಳೆದರೆ 22 ಸೆಂಟಿಮೀಟರ್. ಅಂದರೆ 22 ಸೆಂಟಿಮೀಟರ್ ಸಾಗೋಕೆ 4 ಮಿಲಿಸೆಕೆಂಡ್, ವೇಗ ಸೆಕೆಂಡಿಗೆ 55 ಮೀಟರ್. ಕೈಯಲ್ಲಿ ಸೆಕೆಂಡಿಗೆ ಸುಮಾರು 50 ಮೀಟರ್, ಕಾಲಲ್ಲಿ ಸುಮಾರು 40 ಮೀಟರ್, ಅದಕ್ಕಿಂತ ಮೇಲಿದ್ದರೆ ಸಾಮಾನ್ಯವಾಗಿ ಸರಿ. ಟೇಪ್ ಹಿಡಿದು ಅಳೆಯುವಾಗ ಕಾಲು ಅಲ್ಲಾಡಿಸಬೇಡಿ ಅಂತ ನಾವು ಹೇಳುವುದು ಇದಕ್ಕೇ. ಅಳತೆ ತಪ್ಪಿದರೆ ವೇಗವೂ ತಪ್ಪುತ್ತೆ.

ಕರೆಂಟನ್ನು ಮೆಲ್ಲಗೆ ಏರಿಸುತ್ತಾ ಹೋಗುತ್ತೇವೆ. ಇನ್ನು ಏರಿಸಿದರೂ ಸ್ನಾಯುವಿನ ಉತ್ತರ ದೊಡ್ಡದಾಗುತ್ತಿಲ್ಲ ಅಂತ ಆಗುವ ತನಕ ಏರಿಸಲೇಬೇಕು. ಅಲ್ಲಿಗೆ ಮುಂಚೆ ನಿಲ್ಲಿಸಿದರೆ ಸರಿ ಇರುವ ನರವೂ ಕೆಟ್ಟಿದೆ ಅಂತ ಬರುತ್ತೆ. ರೋಗಿ ಸಾಕು ಸಾಕು ಅನ್ನುವಾಗಲೂ ಇನ್ನೊಂದೇ ಅಂತ ನಾವು ಕೇಳುವುದಕ್ಕೆ ಕಾರಣ ಇದು.

ಎರಡನೇ ಭಾಗ ಇಎಂಜಿ. ಕೂದಲಿನಷ್ಟು ಅಂತಲ್ಲದಿದ್ದರೂ ಸಣ್ಣ ಸೂಜಿ. ಇದನ್ನು ಡಾಕ್ಟರ್ ಮಾಡುತ್ತಾರೆ. ಈ ಮಾತು ಅಮ್ಮನಿಗೆ ಖಂಡಿತ ಹೇಳಿ: ಸೂಜಿಯಲ್ಲಿ ಕರೆಂಟ್ ಬಿಡುವುದಿಲ್ಲ, ಔಷಧಿಯೂ ಇರುವುದಿಲ್ಲ. ಸ್ನಾಯುವಿನಲ್ಲಿ ಈಗಾಗಲೇ ಇರುವ ವಿದ್ಯುತ್ತನ್ನು ಅದು ಕೇಳಿಸಿಕೊಳ್ಳುತ್ತೆ. ಆರೋಗ್ಯವಾಗಿರುವ ಸ್ನಾಯು ಸಡಿಲವಾಗಿ ಬಿಟ್ಟಾಗ ಸದ್ದೇ ಮಾಡುವುದಿಲ್ಲ. ನರದ ಸಂಬಂಧ ಕಳೆದುಕೊಂಡ ಸ್ನಾಯುವಿನ ಎಳೆಗಳು ಸುಮ್ಮನಿರುವಾಗಲೂ ತಾವಾಗಿ ಮಿಡಿಯುತ್ತಿರುತ್ತವೆ. ತಗಡಿನ ಶೀಟಿನ ಮೇಲೆ ಹನಿ ಮಳೆ ಬಿದ್ದ ಹಾಗೆ ಸ್ಪೀಕರಿನಲ್ಲಿ ಪಟಪಟ ಅನ್ನುತ್ತೆ. ಅನುಭವ ಇರುವ ಡಾಕ್ಟರ್ ಪರದೆ ನೋಡುವ ಮೊದಲೇ ಕಿವಿಯಲ್ಲೇ ಹಿಡಿಯುತ್ತಾರೆ.

ಮೂರು ವಾರ ಯಾಕೆ ಅನ್ನುವುದು ಇಲ್ಲೇ ಇದೆ. ನರ ತುಂಡಾದರೂ ಪೆಟ್ಟಿನ ಕೆಳಗಿನ ತುಂಡು ಕೆಲವು ದಿನ ಜೀವ ಹಿಡಿದುಕೊಂಡಿರುತ್ತೆ. ಅಲ್ಲಿ ತಟ್ಟಿದರೆ ಚೆನ್ನಾಗೇ ಉತ್ತರ ಕೊಡುತ್ತೆ. ಸ್ನಾಯುವಿನ ನರದಲ್ಲಿ ಆ ಉತ್ತರ ನಿಲ್ಲೋಕೆ ಸುಮಾರು ಒಂದು ವಾರ, ಸ್ಪರ್ಶದ ನರದಲ್ಲಿ ಹತ್ತು ಹನ್ನೊಂದು ದಿನ ಬೇಕು. ಸೂಜಿಯಲ್ಲಿ ಕೇಳುವ ಆ ಪಟಪಟ ಶುರುವಾಗೋಕೆ ಎರಡರಿಂದ ಮೂರು ವಾರ. ಎರಡನೇ ದಿನವೇ ಮಾಡಿಸಿದರೆ ರಿಪೋರ್ಟ್ ಪೂರ್ತಿ ಚಿತ್ರ ಕೊಡುವುದಿಲ್ಲ, ದುಡ್ಡು ದಂಡ. ಕಾಯುವ ಹೊತ್ತಲ್ಲಿ ಡಾಕ್ಟರ್ ಹೇಳಿದ ವ್ಯಾಯಾಮ ಬಿಡಬಾರದು, ಅಷ್ಟೇ.

ಗುಬ್ಬಿ ಅಣ್ಣ, ದುಡ್ಡಿನ ಮಾತು ನಿಜ. ಆದರೆ ಎಂಆರ್‌ಐ ತೋರಿಸುವುದು ಆಕಾರ. ಕೆಲಸ ಮಾಡುತ್ತಿದೆಯಾ ಇಲ್ಲವಾ ಅಂತ ತೋರಿಸುವುದು ಇದು. ಐವತ್ತು ದಾಟಿದವರ ಸೊಂಟದ ಸ್ಕ್ಯಾನ್ ತೆಗೆದರೆ ನೋವೇ ಇಲ್ಲದವರಲ್ಲೂ ಡಿಸ್ಕ್ ಸವೆದಿರುವುದು ಕಾಣುತ್ತೆ. ಅದನ್ನೇ ಕಾರಣ ಅಂದುಕೊಂಡರೆ ಮಂಡಿ ಹತ್ತಿರ ಒತ್ತಿಹೋದ ನರಕ್ಕೆ ಸೊಂಟದ ಚಿಕಿತ್ಸೆ ನಡೆಯುತ್ತೆ.

ಮಧುಗಿರಿ ಮಗ
ಅಣ್ಣಾ, ತುಂಬಾ ಉಪಕಾರ. ಇದನ್ನು ಅಮ್ಮನಿಗೆ ಓದಿ ಹೇಳಿದೆ. ಸೂಜಿಯಲ್ಲಿ ಕರೆಂಟ್ ಇಲ್ಲ ಅಂದಿದ್ದು ಕೇಳಿ ಒಪ್ಪಿಕೊಂಡರು. ಮಂಡಿ ಹತ್ತಿರ ಒತ್ತಿಹೋಗೋದು ಅಂದಿರಲ್ಲ, ಅದು ಹೇಗೆ? ಬಿದ್ದಿಲ್ಲ, ಪೆಟ್ಟಾಗಿಲ್ಲ.

ಬಂಗಾರಪೇಟೆ ಟೆಕ್ನಿಷಿಯನ್
ಮಂಡಿಯ ಹೊರಗಡೆ, ಸ್ವಲ್ಪ ಕೆಳಗೆ ಒಂದು ಗುಂಡು ಮೂಳೆ ಕೈಗೆ ಸಿಗುತ್ತೆ ನೋಡಿ. ಪಾದ ಎತ್ತುವ ನರ ಅದರ ಕತ್ತನ್ನು ಬಳಸಿಕೊಂಡು ಚರ್ಮದ ಹತ್ತಿರವೇ ಹೋಗುತ್ತೆ. ಪೆರೋನಿಯಲ್ ನರ ಅಂತಾರೆ. ಗಂಟೆಗಟ್ಟಲೆ ಕುಕ್ಕರಗಾಲಲ್ಲಿ ಕೂತರೆ ಅದು ಎಳೆದು ಒತ್ತಿಹೋಗುತ್ತೆ. ಕಳೆ ಕೀಳುವವರು, ಹೂ ಬಿಡಿಸುವವರು, ನೆಲ ಒರೆಸುವವರು, ಕಾಲ ಮೇಲೆ ಕಾಲು ಹಾಕಿ ಕೂರುವ ಅಭ್ಯಾಸ ಇರುವವರು, ಬೇಗ ತುಂಬಾ ತೂಕ ಇಳಿದವರು, ಇವರಲ್ಲೆಲ್ಲಾ ಬರುತ್ತೆ. ಅಮ್ಮನಿಗೆ ಅದೇ ಅಂತ ನಾನು ಹೇಳುವ ಹಾಗಿಲ್ಲ. ಸೊಂಟದಲ್ಲಿ ಎಲ್5 ಬೇರು, ಅಂದರೆ ಬೆನ್ನುಹುರಿಯಿಂದ ಕಾಲಿಗೆ ಹೊರಡುವ ಒಂದು ನರದ ಬುಡ, ಒತ್ತಿದರೂ ಪಾದ ಜೋತುಬೀಳುತ್ತೆ. ತಪ್ಪು ಜಾಗದಲ್ಲಿ ಸೊಂಟದ ಕೆಳಗೆ ಇಂಜೆಕ್ಷನ್ ಬಿದ್ದರೂ ಹೀಗಾಗಬಹುದು.

ಮೂರನ್ನೂ ಬೇರೆ ಮಾಡುವುದೇ ಈ ಟೆಸ್ಟಿನ ಕೆಲಸ. ಆ ಮೂಳೆಯ ಕೆಳಗೆ ತಟ್ಟಿದಾಗ ಉತ್ತರ ಚೆನ್ನಾಗಿದ್ದು, ಮೇಲೆ ತಟ್ಟಿದಾಗ ಕುಗ್ಗಿದರೆ ತಡೆ ಅಲ್ಲೇ ಇದೆ. ಸೂಜಿಯಲ್ಲಿ ಡಾಕ್ಟರ್ ಪಾದವನ್ನು ಒಳಕ್ಕೆ ತಿರುಗಿಸುವ ಸ್ನಾಯುವನ್ನೂ ನೋಡುತ್ತಾರೆ. ಅದು ಎಲ್5 ಬೇರಿನದ್ದೇ, ಆದರೆ ಪೆರೋನಿಯಲ್ ನರದ್ದಲ್ಲ. ಅದೂ ಕೆಟ್ಟಿದ್ದರೆ ಸೊಂಟದ ಕಡೆ, ಇಲ್ಲವೇ ಇನ್ನೂ ಮೇಲಿನ ನರದ ಕಡೆ ನೋಡಬೇಕು. ತೊಡೆಯ ಹಿಂದಿನ ಒಂದು ಚಿಕ್ಕ ಸ್ನಾಯುವೂ ಮುಖ್ಯ. ಅದು ಕೆಟ್ಟಿದ್ದರೆ ತಡೆ ಮಂಡಿಗಿಂತ ಮೇಲಿದೆ ಅಂತ ಅರ್ಥ. ಕಾಲಿಗೆ ತೊಂದರೆ ಅಂತ ಹೋದವರಿಗೆ ತೊಡೆಗೆ ಯಾಕೆ ಚುಚ್ಚಿದರು ಅಂತ ಕೋಪ ಬರುತ್ತೆ. ಉತ್ತರ ಇದು.

ಶಿಡ್ಲಘಟ್ಟದ ರೀಲರ್ ಮಗಳು
ನಮ್ಮ ಅಮ್ಮ ಮೊದಲಿಂದ ಬೇಸಿನ್ ಮುಂದೆ ಕೂತು ನೂಲು ತೆಗೆಯುವವರು. ಬಿಸಿನೀರು, ಗೂಡು, ದಿನಾ ಅದೇ ಕೆಲಸ. ರಾತ್ರಿ ಕೈ ಜೋಮು ಹಿಡಿದು ಎಚ್ಚರ ಆಗುತ್ತೆ. ಕೈ ಒದರಿದರೆ ಕಡಿಮೆ ಆಗುತ್ತೆ. ಬಿಸಿನೀರಿನ ವಾತ ಅಂತ ಎಲ್ಲರೂ ಹೇಳುತ್ತಾರೆ, ಎಣ್ಣೆ ಹಚ್ಚುತ್ತಾರೆ. ಅವರಿಗೂ ಈ ಟೆಸ್ಟ್ ಬೇಕಾಗುತ್ತಾ?

ಬಂಗಾರಪೇಟೆ ಟೆಕ್ನಿಷಿಯನ್
ಅಕ್ಕ, ಜೋಮು ಯಾವ ಬೆರಳಲ್ಲಿ ಅಂತ ಅಮ್ಮನನ್ನು ಕೇಳಿ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರದ ಬೆರಳಿನ ಅರ್ಧ, ಕಿರುಬೆರಳು ಮಾತ್ರ ಸರಿ ಇದೆ ಅಂದರೆ ಮಣಿಕಟ್ಟಿನಲ್ಲಿ ನರ ಒತ್ತಿರಬಹುದು. ಕಾರ್ಪಲ್ ಟನಲ್ ಅಂತಾರೆ. ಉಂಗುರದ ಬೆರಳಿಗೆ ಎರಡು ನರಗಳು ಹೋಗುತ್ತವೆ. ಒಂದು ಆ ಇಕ್ಕಟ್ಟಿನೊಳಗಿಂದ, ಇನ್ನೊಂದು ಹೊರಗಿಂದ. ಎರಡೂ ದಾರಿಯಲ್ಲಿ ಅಷ್ಟೇ ದೂರ ಇಟ್ಟು ಹೊತ್ತು ಅಳೆದರೆ, ನರ ಒತ್ತಿದ್ದಾಗ ಇಕ್ಕಟ್ಟಿನೊಳಗಿನದ್ದು ತಡವಾಗಿ ಬರುತ್ತೆ. ರೋಗಿಯ ಒಂದು ನರಕ್ಕೆ ಅದೇ ಕೈಯ ಇನ್ನೊಂದು ನರವೇ ಅಳತೆಗೋಲು. ನನಗೆ ತುಂಬಾ ಇಷ್ಟದ ಪರೀಕ್ಷೆ ಇದು.

ಥೈರಾಯ್ಡ್ ಮತ್ತು ಶುಗರ್ ನೋಡಿಸಿ, ಅವು ಇದ್ದರೂ ಹೀಗಾಗುತ್ತೆ. ಶುರುವಿನಲ್ಲಿ ರಾತ್ರಿ ಹೊತ್ತು ಮಣಿಕಟ್ಟು ನೇರ ಇಡುವ ಪಟ್ಟಿ ಕಟ್ಟಿಕೊಂಡರೇ ಎಷ್ಟೋ ಜನಕ್ಕೆ ಕಡಿಮೆ ಆಗುತ್ತೆ. ಹೆಬ್ಬೆರಳಿನ ಬುಡದ ಮಾಂಸ ಸೊರಗುತ್ತಿದ್ದರೆ ತಡಮಾಡಬೇಡಿ, ಆಪರೇಷನ್ ಬೇಕಾಗಬಹುದು.

ಪಾವಗಡ ಮೇಷ್ಟ್ರು
ನಮ್ಮ ಕಡೆಯ ಒಂದು ವಿಷಯ ಸೇರಿಸುತ್ತೇನೆ. ಪಾವಗಡದ ಬೋರ್‌ವೆಲ್ ನೀರಿನ ಫ್ಲೋರೈಡ್ ಎಲ್ಲರಿಗೂ ಗೊತ್ತು. ಬಾಗೇಪಲ್ಲಿ ಕಡೆಯೂ ಇದೇ ಗೋಳು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ವರ್ಷಗಟ್ಟಲೆ ಅದಕ್ಕಿಂತ ಜಾಸ್ತಿ ಕುಡಿದವರ ಮೂಳೆ ದಪ್ಪಗಾಗುತ್ತೆ, ಬೆನ್ನು ಮರದಂತೆ ಬಿಗಿಯುತ್ತೆ. ನಮ್ಮ ಓಣಿಯ ಒಬ್ಬ ಅಜ್ಜನಿಗೆ ಕಾಲು ಬಿಗಿದು ನಡೆಯೋಕೇ ಆಗುತ್ತಿರಲಿಲ್ಲ. ಕರೆಂಟ್ ಟೆಸ್ಟ್ ಮಾಡಿಸಿದರು, ನಾರ್ಮಲ್ ಬಂತು. ನರ ಸರಿ ಇದೆ, ವಯಸ್ಸಾಯಿತು ಅಂತ ಮನೆಯವರು ಕೈಬಿಟ್ಟರು. ನನಗೆ ಇವತ್ತಿಗೂ ಅದು ಹೊಟ್ಟೆ ಉರಿಸುತ್ತೆ. ಹಾಗಾದರೆ ಟೆಸ್ಟ್ ಸುಳ್ಳಾ?

ಬಂಗಾರಪೇಟೆ ಟೆಕ್ನಿಷಿಯನ್
ಸರ್, ಟೆಸ್ಟ್ ಸುಳ್ಳಲ್ಲ. ಅದು ನೋಡುವ ಜಾಗ ಬೇರೆ, ಅಜ್ಜನ ತೊಂದರೆ ಬಹುಶಃ ಇದ್ದ ಜಾಗ ಬೇರೆ. ಎನ್‌ಸಿಎಸ್ ನೋಡುವುದು ಬೆನ್ನುಹುರಿಯಿಂದ ಹೊರಗೆ ಬಂದ ನರಗಳನ್ನು. ಮೂಳೆ ಬೆಳೆದು ಬೆನ್ನುಹುರಿಯನ್ನೇ ಒತ್ತಿದರೆ ಕಾಲಿನ ನರದ ವೇಗ ಸರಿಯಾಗೇ ಇರಬಹುದು. ಕಾಲು ಸಡಿಲವಾಗದೆ ಬಿಗಿಯುವುದೇ ಅದರ ಸುಳಿವು. ಅಂಥವರಿಗೆ ಬೆನ್ನು ಮತ್ತು ಕತ್ತಿನ ಎಂಆರ್‌ಐ ಬೇಕು. ಮುಂಗೈಯ ಎಕ್ಸ್‌ರೇಯಲ್ಲಿ ಎರಡು ಮೂಳೆಗಳ ನಡುವಿನ ಪೊರೆ ಸುಣ್ಣಗಟ್ಟಿರುವುದು ಕಂಡರೆ ಫ್ಲೋರೋಸಿಸ್ ಅಂತ ಡಾಕ್ಟರಿಗೆ ಬಲವಾದ ಸುಳಿವು ಸಿಗುತ್ತೆ. ಇಲ್ಲಿ ಗುಬ್ಬಿ ಅಣ್ಣ ಹೇಳಿದ ಸ್ಕ್ಯಾನೇ ಮೊದಲು.

ಹಾಗೇ ಲಕ್ವದ ವಿಷಯ. ಒಂದು ಕಡೆ ಕೈಕಾಲು, ಬಾಯಿ, ಮಾತು ಇದ್ದಕ್ಕಿದ್ದಂತೆ ಬಿದ್ದುಹೋದರೆ ಅದು ಮೆದುಳಿನದ್ದು. ಈ ಟೆಸ್ಟಿಗೂ ಅದಕ್ಕೂ ಸಂಬಂಧ ಇಲ್ಲ. ತಕ್ಷಣ ತಲೆಯ ಸ್ಕ್ಯಾನ್ ಇರುವ ಆಸ್ಪತ್ರೆಗೆ ಓಡಬೇಕು. ಹೆಪ್ಪು ಕರಗಿಸುವ ಔಷಧಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ ಒಳಗೇ ಹೋಗಿರಬೇಕು.

ಇನ್ನೊಂದಕ್ಕೂ ಕಾಯಬಾರದು. ಎರಡೂ ಕಾಲು ಕೆಲವೇ ದಿನಗಳಲ್ಲಿ ಸೋಲುತ್ತಾ, ಸೋಲು ಕೈಗೆ ಏರುತ್ತಾ ಬಂದರೆ ಅದು ಗಿಲ್ಲಿಯನ್ ಬಾರೆ ಅನ್ನುವ ನರದ ಕಾಯಿಲೆ ಇರಬಹುದು. ಉಸಿರಾಟದ ಸ್ನಾಯುಗಳನ್ನೂ ಹಿಡಿಯಬಹುದು. ಮೊದಲ ವಾರದಲ್ಲಿ ನಮ್ಮ ಟೆಸ್ಟು ನಾರ್ಮಲ್ ಬರುವುದೂ ಉಂಟು. ಮೂರು ವಾರದ ಮಾತು ಇದಕ್ಕೆ ಅಲ್ಲವೇ ಅಲ್ಲ. ಅವತ್ತೇ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ.

ಚಿಂತಾಮಣಿ ಅಕ್ಕ
ನಾರ್ಮಲ್ ಅನ್ನೋ ಮಾತು ಬಂದಿದ್ದಕ್ಕೆ ಬರೆಯುತ್ತಿದ್ದೇನೆ. ನನಗೆ ಪಾದ ಉರಿ. ರಾತ್ರಿ ಹೊದಿಕೆ ತಾಗಿದರೂ ತಡೆಯೋಕೆ ಆಗಲ್ಲ, ಒದ್ದೆ ಬಟ್ಟೆ ಸುತ್ತಿಕೊಂಡು ಮಲಗುತ್ತೇನೆ. ಟೆಸ್ಟ್ ಮಾಡಿಸಿದೆ, ಎಲ್ಲಾ ಸರಿ ಇದೆ ಅಂತ ಬಂತು. ಅವತ್ತಿನಿಂದ ಮನೆಯಲ್ಲಿ ನನ್ನ ಮಾತು ಯಾರೂ ನಂಬುತ್ತಿಲ್ಲ. ನಾಟಕ ಅಂತಾರೆ. ಅಳು ಬರುತ್ತೆ.

ಬಂಗಾರಪೇಟೆ ಟೆಕ್ನಿಷಿಯನ್
ಅಕ್ಕ, ಇದನ್ನು ಮನೆಯವರಿಗೆ ತೋರಿಸಿ. ನಮ್ಮ ಮಷೀನು ಅಳೆಯುವುದು ದಪ್ಪ ನರದ ಎಳೆಗಳನ್ನು ಮಾತ್ರ. ಉರಿ, ನೋವು, ಬಿಸಿ, ತಣ್ಣಗೆ ಅನ್ನುವುದನ್ನು ಸಾಗಿಸುವುದು ತೀರಾ ಸಣ್ಣ ಎಳೆಗಳು. ಅವುಗಳ ಉತ್ತರ ಎನ್‌ಸಿಎಸ್‌ನಲ್ಲಿ ಕಾಣುವುದೇ ಇಲ್ಲ. ಸಣ್ಣ ಎಳೆಗಳು ಮಾತ್ರ ಕೆಟ್ಟಿದ್ದರೆ ಪಾದ ಧಗಧಗ ಉರಿಯುತ್ತಿದ್ದರೂ ರಿಪೋರ್ಟ್ ನಾರ್ಮಲ್ ಬರುತ್ತೆ. ಅದಕ್ಕೆ ಚರ್ಮದ ಚಿಕ್ಕ ಚೂರು ತೆಗೆದು ನೋಡುವ ಬಯಾಪ್ಸಿ ಬೇರೆ ಇದೆ. ಅದಕ್ಕೂ ಮೊದಲು ಶುಗರ್, ಬಿ12 ನೋಡಿಸಿ. ಶುಗರ್ ಗಡಿಯಲ್ಲಿದ್ದಾಗಲೇ ಉರಿ ಶುರುವಾಗುವವರಿದ್ದಾರೆ. ಆ ಡಾಕ್ಟರ ಹತ್ತಿರವೇ ವಾಪಸ್ ಹೋಗಿ, ಉರಿ ಹಾಗೇ ಇದೆ ಅಂತ ಹೇಳಿ. ಉರಿಗೆ ಔಷಧಿ ಇದೆ.

ಚಿಂತಾಮಣಿ ಅಕ್ಕ
ಇಷ್ಟು ದಿನ ಇದನ್ನು ಯಾರೂ ಹೇಳಿರಲಿಲ್ಲ. ನಮ್ಮೆಜಮಾನರಿಗೆ ಓದಿಸಿದೆ. ಸೋಮವಾರ ಕರೆದುಕೊಂಡು ಹೋಗುತ್ತೇನೆ ಅಂದಿದ್ದಾರೆ.

ಮುಳಬಾಗಿಲು ಟೊಮೆಟೊ
ಔಷಧಿ ಹೊಡೆಯುವ ನಮ್ಮಂಥವರ ಬಗ್ಗೆಯೂ ಹೇಳಿ. ಕೈಕವಚ ಇಲ್ಲದೆ ಹೊಡೆಯುತ್ತಾರೆ ಹುಡುಗರು.

ಬಂಗಾರಪೇಟೆ ಟೆಕ್ನಿಷಿಯನ್
ಆರ್ಗನೋಫಾಸ್ಫೇಟ್ ಜಾತಿಯ ಕೀಟನಾಶಕ ಜಾಸ್ತಿ ಒಳಗೆ ಹೋದರೆ ಮೊದಲು ವಾಂತಿ, ಜೊಲ್ಲು, ಬೆವರು. ಅದು ಇಳಿದ ಮೇಲೆ ಗೆದ್ದೆವು ಅಂದುಕೊಳ್ಳುತ್ತಾರೆ. ಒಂದರಿಂದ ನಾಲ್ಕು ದಿನದೊಳಗೆ ಕತ್ತು, ಭುಜ, ಉಸಿರಾಟದ ಸ್ನಾಯುಗಳು ಸೋಲಬಹುದು. 1987ರಲ್ಲಿ ಶ್ರೀಲಂಕಾದ ವೈದ್ಯರು ಇದನ್ನು ವಿವರವಾಗಿ ಬರೆದು ಹೆಸರಿಟ್ಟರು. ಹಾಗಾಗಿ ಆಸ್ಪತ್ರೆಯಿಂದ ಬೇಗ ಬಿಡಿಸಿಕೊಂಡು ಬರಬೇಡಿ. ಇಂಥ ಕೆಲವು ಕೀಟನಾಶಕಗಳಿಂದ ಎರಡು ಮೂರು ವಾರದ ಮೇಲೆ ಪಾದ ಸೋಲುವುದೂ ಉಂಟು. ಆಗ ನಮ್ಮ ಟೆಸ್ಟ್ ಬೇಕಾಗುತ್ತೆ. ಬಾಟಲಿ ಬಿಸಾಡದೆ ಡಾಕ್ಟರಿಗೆ ತೋರಿಸಿ.

ಮಧುಗಿರಿ ಮಗ
ಟೆಸ್ಟ್ ಆಯಿತು. ಮಂಡಿ ಪಕ್ಕದ ಆ ಮೂಳೆ ಹತ್ತಿರವೇ ತಡೆ ಇದೆಯಂತೆ. ಸೂಜಿಯಲ್ಲಿ ನರದ ಎಳೆಗಳು ಸತ್ತಿರುವ ಗುರುತು ತುಂಬಾ ಕಡಿಮೆ, ಸೊಂಟದ ಬೇರು ಸರಿ ಇದೆ ಅಂತ ಡಾಕ್ಟರ್ ಹೇಳಿದರು. ಪಾದಕ್ಕೆ ಸ್ಪ್ಲಿಂಟ್ ಕೊಟ್ಟಿದ್ದಾರೆ. ಅಮ್ಮ ಅತ್ತಿಲ್ಲ, ಕಿರುಚಿಲ್ಲ. ಎಷ್ಟು ದಿನಕ್ಕೆ ಸರಿಹೋಗಬಹುದು ಅಣ್ಣ?

ಬಂಗಾರಪೇಟೆ ಟೆಕ್ನಿಷಿಯನ್
ಒಳ್ಳೇ ಸುದ್ದಿ. ನರದ ಮೇಲಿನ ಕೊಬ್ಬಿನ ಹೊದಿಕೆ ಮಾತ್ರ ಕೆಟ್ಟು ತಡೆಯಾಗಿದ್ದರೆ ಕೆಲವು ವಾರದಿಂದ ಎರಡು ಮೂರು ತಿಂಗಳಲ್ಲಿ ಸಾಮಾನ್ಯವಾಗಿ ಬಲ ಬರುತ್ತೆ. ಒಳಗಿನ ಎಳೆ ಸತ್ತಿದ್ದರೆ ಅದು ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್, ಅದಕ್ಕೇ ಅಂಥವರಿಗೆ ತಿಂಗಳುಗಟ್ಟಲೆ ಹಿಡಿಯುತ್ತೆ. ಅಮ್ಮ ಇನ್ನು ಕುಕ್ಕರಗಾಲಲ್ಲಿ ಕೂರಬಾರದು. ಮಣೆಯೋ ಚಿಕ್ಕ ಸ್ಟೂಲೋ ಇಟ್ಟುಕೊಂಡು, ಆಗಾಗ ಎದ್ದು ಕಾಲು ಚಾಚಲಿ. ಮಲಗುವಾಗ ಮಂಡಿಯ ಹೊರಗಡೆ ಮಂಚದ ಅಂಚಿಗೆ ಒತ್ತದಿರಲಿ.

ಶಿಡ್ಲಘಟ್ಟದ ರೀಲರ್ ಮಗಳು
ಕಿರುಬೆರಳು ಸರಿ ಇದೆಯಂತೆ. ಡಾಕ್ಟರ್ ನಮಗೂ ಟೆಸ್ಟ್ ಬರೆದರು. ಹೋಗುವ ಮೊದಲು ಏನು ನೋಡಿಕೊಳ್ಳಬೇಕು? ಉಪವಾಸ ಇರಬೇಕಾ?

ಬಂಗಾರಪೇಟೆ ಟೆಕ್ನಿಷಿಯನ್
ಉಪವಾಸ ಬೇಡ, ತಿಂಡಿ ತಿಂದೇ ಬನ್ನಿ. ಒಂದರಿಂದ ಒಂದೂವರೆ ಗಂಟೆ ಹಿಡಿಯಬಹುದು. ಸ್ನಾನ ಮಾಡಿ ಬನ್ನಿ, ಎಣ್ಣೆ, ಕ್ರೀಮು, ನೋವಿನ ಮುಲಾಮು ಹಚ್ಚಬೇಡಿ. ಎಣ್ಣೆ ಇದ್ದರೆ ಬಿಲ್ಲೆ ಅಂಟುವುದಿಲ್ಲ, ಸಂದೇಶವೂ ಸರಿಯಾಗಿ ಸಿಗುವುದಿಲ್ಲ. ಉಂಗುರ ತೆಗೆದಿಟ್ಟು ಬನ್ನಿ. ಬಳೆ ಮೇಲಕ್ಕೆ ಸರಿಸಿದರೆ ಸಾಕು, ಒಡೆಯಬೇಕಾಗಿಲ್ಲ. ತೋಳು ಸಡಿಲ ಇರುವ ರವಿಕೆ ಇರಲಿ.

ಚಳಿಗಾಲದ ಬೆಳಗ್ಗೆ ನಿಮ್ಮ ನಂದಿಬೆಟ್ಟದ ಕಡೆಯಿಂದ ಬರುವವರ ಕೈ ಮಂಜುಗಡ್ಡೆ ಆಗಿರುತ್ತೆ. ಚರ್ಮದ ಬಿಸಿ ಒಂದು ಡಿಗ್ರಿ ಇಳಿದರೆ ನರದ ವೇಗ ಸೆಕೆಂಡಿಗೆ ಸುಮಾರು 2 ಮೀಟರ್ ಇಳಿಯುತ್ತೆ. ಏನೂ ಇಲ್ಲದ ಕೈಯಲ್ಲೂ ಕಾಯಿಲೆ ಕಾಣುತ್ತೆ. ಅದಕ್ಕೆ ನಾವು ಬಿಸಿ ಮಾಡಿಯೇ ಶುರು ಮಾಡುತ್ತೇವೆ. ಕೈ ತಣ್ಣಗಿದ್ದರೆ ನೀವೇ ಬಾಯಿಬಿಟ್ಟು ಹೇಳಿ, ಸಂಕೋಚ ಬೇಡ.

ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತಿದ್ದರೆ, ಪೇಸ್‌ಮೇಕರ್ ಇದ್ದರೆ ಮೊದಲೇ ತಿಳಿಸಿ. ಮಾತ್ರೆಯನ್ನು ನೀವಾಗೇ ನಿಲ್ಲಿಸಬೇಡಿ. ರೆಪ್ಪೆ ಜೋತುಬೀಳುವ ಮಯಸ್ತೇನಿಯಾ ಕಾಯಿಲೆಗೆ ಪಿರಿಡೋಸ್ಟಿಗ್ಮಿನ್ ನುಂಗುವವರು ಟೆಸ್ಟಿನ ದಿನ ಅದನ್ನು ಬಿಡಬೇಕಾ ಅಂತ ಡಾಕ್ಟರನ್ನು ಕೇಳಿಕೊಳ್ಳಬೇಕು. ಸ್ನಾಯುವಿನ ಕಾಯಿಲೆ ಅನುಮಾನ ಇದ್ದು ಸಿಪಿಕೆ ರಕ್ತಪರೀಕ್ಷೆ ಬರೆದಿದ್ದರೆ ಸೂಜಿ ಹಾಕುವ ಮೊದಲೇ ರಕ್ತ ಕೊಡಿ, ಸೂಜಿಯಿಂದಲೇ ಅದು ಸ್ವಲ್ಪ ಏರಬಹುದು.

ಪಾವಗಡ ಮೇಷ್ಟ್ರು
ಆ ಅಜ್ಜನ ಮನೆಗೆ ಹೋಗಿ ಬಂದೆ. ಮಗ ಎಂಆರ್‌ಐ ಮಾಡಿಸೋಕೆ ಒಪ್ಪಿದ್ದಾನೆ. ಹಳೇ ಕರೆಂಟ್ ಟೆಸ್ಟಿನ ರಿಪೋರ್ಟ್ ಬೇಕಾಗುತ್ತಾ, ಬಿಸಾಕಬಹುದಾ?

ಬಂಗಾರಪೇಟೆ ಟೆಕ್ನಿಷಿಯನ್
ಬಿಸಾಕಬೇಡಿ ಸರ್, ಖಂಡಿತ ತಗೊಂಡು ಹೋಗಿ. ಕೊನೇ ಪುಟದ ಎರಡು ಸಾಲು ಮಾತ್ರ ಅಲ್ಲ, ಅಲೆಗಳ ಗ್ರಾಫು, ಸಂಖ್ಯೆಗಳ ಪಟ್ಟಿ ಇರುವ ಹಾಳೆಗಳೂ ಇರಲಿ. ಇಲ್ಲದಿದ್ದರೆ ಟೆಸ್ಟ್ ಮಾಡಿದ ಕಡೆ ಕೇಳಿದರೆ ಕೊಡಬಹುದು. ಮುಂದೆ ಇನ್ನೊಮ್ಮೆ ಟೆಸ್ಟ್ ಮಾಡಿದರೆ ನರ ಸುಧಾರಿಸಿದೆಯಾ ಇಳಿದಿದೆಯಾ ಅಂತ ಹೋಲಿಸಿ ನೋಡೋಕೆ ಆ ಸಂಖ್ಯೆಗಳೇ ಬೇಕು. ಅಜ್ಜನ ಜೊತೆ ನೀವೂ ಹೋಗಿ ಸರ್. ಊರಿನ ನೀರಿನ ವಿಷಯ ಡಾಕ್ಟರಿಗೆ ನೀವೇ ಹೇಳಬೇಕು. ಬೆಂಗಳೂರಿನ ಡಾಕ್ಟರಿಗೆ ಕಾಲು ಕಾಣುತ್ತೆ, ಬೋರ್‌ವೆಲ್ ಕಾಣುವುದಿಲ್ಲ.

ಪಾವಗಡ ಮೇಷ್ಟ್ರು
ಆಯಿತು. ನೀರಿನ ಪರೀಕ್ಷೆ ಚೀಟಿಯನ್ನೂ ಫೈಲಿಗೆ ಸೇರಿಸುತ್ತೇನೆ.